ತೊಲೆಯೂ ತಂತಿಯೂ

ಮಕ್ಕಳು ಕೇಳುವ ವಸ್ತುಗಳಲ್ಲಿ ಎರಡು ಬಗೆ. ಅಂಗಡಿಯಲ್ಲಿ ಸಿಕ್ಕುವಂಥವು ಒಂದು, ಸಿಕ್ಕದಿರುವಂಥವು ಇನ್ನೊಂದು. ಮೊದಲನೆಯದರಿಂದ ತಂದೆಯ ಜೇಬು ಮಾತ್ರ ಹಗುರವಾಗುತ್ತದೆ; ಎರಡನೆಯದರಿಂದ ಜೇಬಿನ ಜೊತೆಗೆ ಮನೆಯ ನೆಮ್ಮದಿಯೂ ಹಗುರವಾಗುತ್ತದೆ. ಪಿ.ಯು.ಸಿ. ಪರೀಕ್ಷೆ ಮುಗಿಸಿದ ನನ್ನ ಮಗ ಕಳೆದ ಬೇಸಿಗೆಯಲ್ಲಿ ಕೇಳಿದ್ದು ಈ ಎರಡನೆಯ ಬಗೆಯದು. ಅವನಿಗೆ ಎಲೆಕ್ಟ್ರಿಕ್ ಗಿಟಾರು ಬೇಕಾಗಿತ್ತು, ಆದರೆ ಅಂಗಡಿಯದಲ್ಲ. ಕತ್ತು ಒಂದು ಕಡೆಯಿಂದ, ಬಿರಡೆ ಇನ್ನೊಂದು ಕಡೆಯಿಂದ, ಕುದುರೆ ಮತ್ತೊಂದು ಕಡೆಯಿಂದ ತರಿಸಿ, ಒಡಲನ್ನು ಇಲ್ಲೇ ಮಾಡಿಸಿ, ತಾನೇ ಜೋಡಿಸಬೇಕೆಂದು ಅವನ ಹಟ.

"ಇಡಿಯದೇ ಅಂಗಡಿಯಲ್ಲಿ ಸಿಕ್ಕುತ್ತದಲ್ಲೋ?" ಎಂದೆ.

"ಸಿಕ್ಕುತ್ತದಪ್ಪಾ. ಆದರೆ ಅದು ಅವರದು" ಎಂದ.

ಕನ್ನಡ ಎಂ.ಎ. ಮಾಡಿ, ಇಪ್ಪತ್ತು ವರ್ಷ ತರಗತಿಗಳಲ್ಲಿ ಛಂದಸ್ಸು ಹೇಳಿಕೊಟ್ಟ ನನಗೆ ಈ ಎರಡು ವಾಕ್ಯಗಳಿಗೆ ಉತ್ತರ ಹೊಳೆಯಲಿಲ್ಲ. ಒಪ್ಪಿಕೊಂಡೆ.

ನಾವಿರುವುದು ಜೋಯಿಡಾ ತಾಲ್ಲೂಕಿನ ರಾಮನಗರದಲ್ಲಿ. ಬೆಳಗಾವಿಯಿಂದ ಗೋವೆಗೆ ಹೋಗುವವರು ಚಹಾಕ್ಕೆ ಇಳಿದು, ಊರಿನ ಹೆಸರನ್ನೂ ಕೇಳದೆ ಅನಮೋಡ ಘಟ್ಟದ ಕಡೆಗೆ ಹೊರಟುಬಿಡುವ ಊರು ಇದು. ಅಂಥವರಿಗೆ ತಿಳಿಯದ ಸಂಗತಿಯೊಂದಿದೆ. ಈ ಊರು ಕೂಡ ಒಂದೊಂದು ಭಾಗವನ್ನು ಒಂದೊಂದು ಕಡೆಯಿಂದ ತಂದು ಜೋಡಿಸಿದ್ದು. ಕಾಳಿ ನದಿಗೆ ಗಣೇಶಗುಡಿಯ ಬಳಿ ಸೂಪಾ ಅಣೆಕಟ್ಟು ಕಟ್ಟಿದಾಗ ತಾಲ್ಲೂಕಿನ ಕಸಬೆಯಾಗಿದ್ದ ಸೂಪಾವೂ ಸುತ್ತಲಿನ ಹಳ್ಳಿಗಳೂ ನೀರಿನೊಳಗೆ ಹೋದುವು. ಕಚೇರಿಗಳು ಜೋಯಿಡಾಕ್ಕೆ ಹೋದುವು. ಮನೆಮಾರು ಬಿಟ್ಟವರಲ್ಲಿ ಅನೇಕರು ಇಲ್ಲಿಗೆ ಬಂದರು. ಅಣೆಕಟ್ಟಿನ ಕೆಲಸ ಮುಗಿದದ್ದು 1987ರಲ್ಲಿ.

ಮಗನ ಸಾಮಾನುಗಳು ಒಂದೊಂದಾಗಿ ಬರತೊಡಗಿದುವು. ಅಂಚೆಯವನು ಪ್ರತಿಸಲವೂ ನನ್ನ ಮುಖವನ್ನು ಅನುಮಾನದಿಂದ ನೋಡುತ್ತಿದ್ದ. ಮೊದಲು ಕತ್ತು ಬಂತು: ಮೇಪಲ್ ಮರದ್ದು, ಅದರ ಮೇಲೆ ಕಪ್ಪುಗೆಂಪು ಪಟ್ಟಿ. ಚೀಟಿಯನ್ನು ಓದಿದೆ, 'ಇಂಡಿಯನ್ ರೋಸ್‌ವುಡ್' ಎಂದಿತ್ತು. ಎಂದರೆ ನಮ್ಮ ಬೀಟೆ! ಈ ಘಟ್ಟದ ಕಾಡುಗಳಲ್ಲಿ ಬೆಳೆಯುವ ಮರ. ಬ್ರೆಜಿಲಿನ ಬೀಟೆ ದುರ್ಲಭವಾದಾಗ ಅಮೆರಿಕದ ಮಾರ್ಟಿನ್ ಕಂಪನಿಯವರು 1969ರಲ್ಲಿ ಭಾರತದ ಬೀಟೆಯ ಕಡೆಗೆ ತಿರುಗಿದರಂತೆ. ಅಂದಿನಿಂದ ಗಿಟಾರಿನ ಲೋಕದಲ್ಲಿ ಅದಕ್ಕೆ ಬಹು ಮರ್ಯಾದೆ. ಆ ಮರ್ಯಾದೆ ಮರಕ್ಕೇ ಮುಳುವಾದೀತೆಂಬ ಭಯದಿಂದ 2017ರಿಂದ ಬೀಟೆಯ ಜಾತಿಯ ಮರಗಳೆಲ್ಲಕ್ಕೂ ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ಪರವಾನಗಿಯ ಕಟ್ಟು ಬಿತ್ತು. ವಾದ್ಯ ಮಾಡುವವರು ಗೋಳಾಡಿದ ಮೇಲೆ, 2019ರಲ್ಲಿ, ಸಿದ್ಧವಾದ ವಾದ್ಯಗಳಿಗೂ ಅವುಗಳ ಭಾಗಗಳಿಗೂ ವಿನಾಯಿತಿ ಕೊಟ್ಟರು. ಇಷ್ಟೆಲ್ಲ ತಿಳಿದ ಮೇಲೆ ಆ ಪಟ್ಟಿಯನ್ನು ಕೈಯಿಂದ ಸವರಿದೆ. ತವರಿಗೆ ಬಂದ ಮಗಳ ಹಾಗೆ ಕಂಡಿತು.

ಕನ್ನಡದ ಮೇಷ್ಟರಿಗೆ ಒಂದು ಸಮಾಧಾನವೂ ಆಯಿತು. ಈ ಪರದೇಶದ ವಾದ್ಯದ ಅವಯವಗಳಿಗೆಲ್ಲ ನಮ್ಮ ವೀಣೆಯವರು ಹೆಸರಿಟ್ಟುಬಿಟ್ಟಿದ್ದಾರೆ. ತಂತಿ ಬಿಗಿಯುವುದು ಬಿರಡೆ, ತಂತಿಯನ್ನು ಹೊರುವುದು ಕುದುರೆ, ಬೆರಳಿಡುವುದು ಮೆಟ್ಟಿಲಿನ ಮೇಲೆ. ಪಿಕಪ್ಪಿಗೆ ಮಾತ್ರ ಹೆಸರು ಸಿಕ್ಕಲಿಲ್ಲ. ಅಯಸ್ಕಾಂತದ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಪುಟ್ಟ ಪೆಟ್ಟಿಗೆ ಅದು. ಮೇಲೆ ಉಕ್ಕಿನ ತಂತಿ ಅದುರಿದರೆ ಸುರುಳಿಯಲ್ಲಿ ಅಲ್ಪ ವಿದ್ಯುತ್ತು ಹುಟ್ಟುತ್ತದೆ. ಆಂಪ್ಲಿಫೈಯರು ಅದನ್ನು ಹಿಗ್ಗಿಸಿ ನೆರೆಯವರಿಗೆಲ್ಲ ಹಂಚುತ್ತದೆ. 'ನಾದಗ್ರಾಹಿ' ಎನ್ನೋಣವೇ ಎಂದೆ. "ಪಿಕಪ್ಪು ಪಿಕಪ್ಪೇ ಅಪ್ಪಾ" ಎಂದ ಮಗ.

ಉಳಿದದ್ದು ಒಡಲು. ತಂಬೂರಿ ಬೇಕಾದವರು ಮೀರಜಿಗೆ ಹೋಗಿ ಒಳ್ಳೆಯ ಸೋರೆ ಬುರುಡೆ ನೋಡಿ ಮಾಡಿಸುತ್ತಾರೆ. ಈ ಗಿಟಾರಿಗೆ ಬುರುಡೆ ಬೇಡ, ಟೊಳ್ಳೇ ಬೇಡ. 1940ರ ಸುಮಾರಿಗೆ ಲೆಸ್ ಪಾಲ್ ಎಂಬ ಅಮೆರಿಕದ ವಾದಕ ಒಂದು ತೊಲೆಯ ತುಂಡಿಗೇ ತಂತಿ ಬಿಗಿದು ನುಡಿಸಿದನಂತೆ. ಕೇಳುವವರಿಗೆ ತೊಲೆ ಹಿಡಿಸದ್ದರಿಂದ, ಸಾಧಾರಣ ಗಿಟಾರೊಂದರ ಪಕ್ಕೆಗಳನ್ನು ಅದಕ್ಕೆ ಅಂಟಿಸಿಕೊಂಡನಂತೆ. 1950ರಲ್ಲಿ ಲಿಯೋ ಫೆಂಡರ್ ಎಂಬ ರೇಡಿಯೋ ರಿಪೇರಿಯವನು ಆ ನಾಚಿಕೆಯನ್ನೂ ಬಿಟ್ಟು, ಹಲಗೆಯ ಒಡಲಿಗೆ ಕತ್ತನ್ನು ನಾಲ್ಕು ತಿರುಪುಗಳಿಂದ ಬಿಗಿದು ಮಾರಾಟಕ್ಕಿಟ್ಟ. ಅವನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ! ಆ ನಾಲ್ಕು ತಿರುಪುಗಳ ದೆಸೆಯಿಂದಲೇ ಇಂದು ಯಾರದೋ ಕತ್ತು ಯಾರದೋ ಒಡಲಿಗೆ ಕೂರುತ್ತದೆ. ನನ್ನ ಮಗನಂಥವರು ತಂದೆಯರನ್ನು ಕಾಡುವುದಕ್ಕೆ ಆಗುತ್ತದೆ.

ತೊಲೆಯ ಮಾತು ಕೇಳಿ ನಮ್ಮ ಬೀದಿಯ ಬಡಗಿ ತಲೆದೂಗಿದರು. ಅರವತ್ತು ದಾಟಿದವರು, ಮಗ ಅವರನ್ನು ಕಾಕಾ ಎನ್ನುತ್ತಾನೆ. ಮನೆಯ ಮಾತು ಕೊಂಕಣಿಯಾದರೂ ನಮ್ಮೊಡನೆ ಹಳಿಯಾಳದ ಕಡೆಯ ಕನ್ನಡ. ಹಿತ್ತಿಲ ಮಾಡಿನ ಕೆಳಗಿನಿಂದ ಹೊಗೆ ಹಿಡಿದು ಕಪ್ಪಾದ ಸಾಗವಾನಿ ತೊಲೆಯ ತುಂಡೊಂದನ್ನು ಎಳೆದು ತಂದರು.

"ಇದು ನಮ್ಮ ಹಳೇ ಮನಿ ತೊಲಿ ರೀ ಸರ. ನೀರು ಬರೂ ಮೊದಲ ಮನಿ ಬಿಚ್ಚಿ ಲಾರಿಗೆ ಹಾಕ್ಕೊಂಡ ಬಂದ್ವಿ. ಇಲ್ಲಿ ಕೊಟ್ಟ ಜಾಗಾ ಸಣ್ಣದು, ತೊಲಿ ಉದ್ದ. ಕೊಯ್ದು ಹಾಕಿದ್ವಿ. ಉಳಿದದ್ದು ಇಷ್ಟು."

"ಬೇಡ ಕಾಕಾ, ಬೇರೆ ಹಲಗೆ ನೋಡೋಣ" ಎಂದ ಮಗ. ನನಗೂ ಹಾಗೇ ಅನಿಸಿತು. ನೆನಪಿಗೆಂದು ಇಟ್ಟುಕೊಂಡದ್ದನ್ನು ಒಬ್ಬ ಹುಡುಗನ ಆಟಕ್ಕೆ ಕೊಯ್ಯುವುದೇ?

"ಇಷ್ಟು ವರ್ಷ ಇಟ್ಟು ಏನ್ ಮಾಡ್ದೆ? ಗೆದ್ದಲ ನೋಡ್ಕೋತ ಕೂತೆ. ಕುರ್ಚಿ ಕಾಲ ಮಾಡಾಕ ಮನಸ್ಸ ಬರಲಿಲ್ಲ. ಹಾಡ್ತೈತಿ ಅಂದ್ರ ಹಾಡ್ಲಿ" ಎಂದರು. ಹಣದ ಮಾತೆತ್ತಿದರೆ ಕೂಲಿ ಮಾತ್ರ ಹೇಳಿದರು. ಮರಕ್ಕೆ ಬೆಲೆ ಹೇಳಲಿಲ್ಲ.

ತೊಲೆಯನ್ನು ಮೂರು ಹಲಗೆಗಳಾಗಿ ಕೊಯ್ದರು. ಹೊರಗಿನ ಕಪ್ಪು ಹೋಗಿ ಒಳಗಿನ ಹೊಂಬಣ್ಣ ಕಂಡಿತು. ಸಾಗವಾನಿಯಲ್ಲಿ ಎಣ್ಣೆಯ ಅಂಶ ಹೆಚ್ಚು, ಹಾಗೇ ಅಂಟಿಸಿದರೆ ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಅಂಚುಗಳನ್ನು ಸ್ಪಿರಿಟ್ಟಿನಿಂದ ಒರೆಸಿ, ಫೆವಿಕಾಲ್ ಸವರಿ, ರಾತ್ರಿಯೆಲ್ಲ ಬಿಗಿದಿಟ್ಟರು. ಹಲಗೆಯೊಂದರಲ್ಲಿ ಹಳೆಯ ಮೊಳೆಯ ತೂತು, ಸುತ್ತಲೂ ಕಬ್ಬಿಣದ ಕರೆ. ಮಗ ಅದಕ್ಕೆ ಲಾಂಬಿ ತುಂಬಲು ಹೊರಟಾಗ ಕಾಕಾ ತಡೆದರು. "ಅದಕ್ಕ ತೊಟ್ಟಿಲ ಕಟ್ಟತಿದ್ರು. ಇರ್ಲಿ ಬಿಡು" ಎಂದರು. ತೂತು ಉಳಿಯಿತು.

ಇನ್ನು ನನ್ನ ಪಾತ್ರವನ್ನು ಹೇಳಿಬಿಡಬೇಕು. ತಂತಿಯ ಉದ್ದ 648 ಮಿಲಿಮೀಟರು. ಹನ್ನೆರಡನೆಯ ಮೆಟ್ಟಿಲು ಸರಿಯಾಗಿ ಅದರ ಅರ್ಧಕ್ಕೆ, 324ಕ್ಕೆ, ಬರಬೇಕು. ಆಗ ಅಲ್ಲಿ ಮೇಲಿನ ಷಡ್ಜ ಮೂಡುತ್ತದೆ. ಮಾತ್ರೆಗಳನ್ನು ಎಣಿಸಿ ಬಾಳಿದವನಿಗೆ ಇದೇನು ಮಹಾ ಎಂದು ಟೇಪು ಹಿಡಿಯಲು ನಾನೇ ಮುಂದಾದೆ. ಟೇಪಿನ ತುದಿ ಸವೆದಿತ್ತು. ಅನುಭವಸ್ಥನಂತೆ ಒಂದು ಸೆಂಟಿಮೀಟರಿನ ಗೆರೆಯಿಂದ ಹಿಡಿದೆ. ಆ ಒಂದು ಸೆಂಟಿಮೀಟರನ್ನು ಕೊನೆಯಲ್ಲಿ ಸೇರಿಸಬೇಕೆಂಬುದನ್ನು ಮರೆತೆ. ಕಾಕಾ ನಾನಿಟ್ಟ ಗುರುತಿಗೆ ಐದು ತೂತು ಕೊರೆದರು.

ತಂತಿ ಬಿಗಿದಾಗ ಬಿಟ್ಟ ತಂತಿ ಶ್ರುತಿಯಲ್ಲೇ ಇತ್ತು. ಮೆಟ್ಟಿಲು ಏರಿದಂತೆಲ್ಲ ಸ್ವರ ಹೆಚ್ಚು ಹೆಚ್ಚಾಗಿ ಏರಿ ಹಲ್ಲು ಜುಮ್ಮೆನ್ನುತ್ತಿತ್ತು. ಮಗ ಅಳೆದು ನೋಡಿ ಮೌನವಾಗಿ ಟೇಪನ್ನು ನನ್ನ ಕೈಗಿಟ್ಟ. ಅವನು ಬೈದಿದ್ದರೆ ಸುಖವಾಗಿರುತ್ತಿತ್ತು. ಬೇರೆ ಮರವಾಗಿದ್ದರೆ ಇನ್ನೊಂದು ಹಲಗೆ ತರಬಹುದಿತ್ತು. ಆ ತೊಲೆ ಇನ್ನೊಂದಿಲ್ಲ. ಅದು ಹುಟ್ಟಿದ ಮನೆಯೂ ಇಲ್ಲ, ಆ ಹಳ್ಳಿಯೂ ಇಲ್ಲ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಹೋಗಿ ತಪ್ಪು ಒಪ್ಪಿಕೊಂಡೆ. ಕಾಕಾ ನಕ್ಕರು. "ಸರ, ಊರೇ ಎತ್ತಿ ಬ್ಯಾರೆ ಕಡೆ ಇಟ್ಟಾರ. ಕುದುರಿ ಒಂದು ಸೆಂಟಿಮೀಟರ ಸರಿಸಾಕ ಯಾಕ ಚಿಂತಿ?" ಎಂದು, ಅದೇ ತೊಲೆಯ ಚೂರಿನಿಂದ ಐದು ಗೂಟ ಕೆತ್ತಿ ತೂತುಗಳಿಗೆ ಬಡಿದರು. ಹೊಸ ತೂತು ಕೊರೆದಾಗ ಕುದುರೆ ಹಿಂದೆ ಸರಿದು ಹಳೆಯವುಗಳ ಮೇಲೆಯೇ ಕೂತಿತು. ನನ್ನ ತಪ್ಪು ಈಗ ಯಾರಿಗೂ ಕಾಣದು. ನಾನಾಗಿ ಬರೆಯದಿದ್ದರೆ ನಿಮಗೂ ತಿಳಿಯುತ್ತಿರಲಿಲ್ಲ.

ನುಡಿಸಿದ ಸಂಜೆ ಕಾಕಾ ನಮ್ಮ ಮನೆಗೆ ಬಂದರು. ಸ್ವಿಚ್ಚು ಹಾಕಿದೊಡನೆ, ತಂತಿ ಮುಟ್ಟುವ ಮೊದಲೇ, ಪೆಟ್ಟಿಗೆಯಿಂದ ಗುಂಯ್ ಎಂಬ ಸದ್ದು ಬಂತು.

"ಏನದು?"

"ಕರೆಂಟಿನ ಸದ್ದು ಕಾಕಾ. ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಡುತ್ತದೆ. ಪಿಕಪ್ಪು ಅದನ್ನೂ ಹಿಡಿಯುತ್ತದೆ."

ಕಾಕಾ ಸುಮ್ಮನಾದರು. 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನ ಬುಡದಲ್ಲಿ 50 ಮೆಗಾವಾಟಿನ ಎರಡು ಯಂತ್ರಗಳಿವೆ. ಎಲ್ಲ ಕಡೆಯ ವಿದ್ಯುತ್ತೂ ಒಂದೇ ಜಾಲದಲ್ಲಿ ಕಲೆಯುವುದರಿಂದ ಯಾವ ಮನೆಗೆ ಯಾವ ನೀರಿನ ವಿದ್ಯುತ್ತು ಬಂತೆಂದು ಹೇಳಲಾಗದು. ಆದರೂ ಅವರು ಯೋಚಿಸಿದ್ದನ್ನೇ ನಾನೂ ಯೋಚಿಸುತ್ತಿದ್ದೆನೆಂದು ತೋರುತ್ತದೆ.

"ತಂತಿ ಮೇಲೆ ಕೈ ಇಡಿ ಕಾಕಾ" ಎಂದ ಮಗ. ಗೂಟ ಕೆತ್ತಿದ ಆ ಒರಟು ಕೈ ತಂತಿಗಳ ಮೇಲೆ ಕೂತಿತು. ತಂತಿಯಿಂದ ನೆಲಕ್ಕೆ ದಾರಿಯಿರುವುದರಿಂದ ಮುಟ್ಟಿದರೆ ಸದ್ದು ಅಡಗುತ್ತದಂತೆ. ಅಡಗಿತು. ಅವರು ಕೈ ತೆಗೆದರು, ಸದ್ದು ಬಂತು. ಮತ್ತೆ ಇಟ್ಟರು. ಆಮೇಲೆ ಮಗ ನುಡಿಸಿದ. ಅದು ಸಂಗೀತವೋ ಅಲ್ಲವೋ ಹೇಳುವಷ್ಟು ನಾನು ಬಲ್ಲವನಲ್ಲ. ಕಾಕಾ ಮಾತ್ರ ಕಡೆಯವರೆಗೆ ಕೂತು ಕೇಳಿದರು.

ಈಗ ಮನೆಗೆ ಬಂದವರು ಗಿಟಾರಿನ ತಲೆಯ ಮೇಲೆ ಕಂಪನಿಯ ಹೆಸರು ಹುಡುಕುತ್ತಾರೆ. ಇಲ್ಲ. "ಯಾರದಪ್ಪಾ ಇದು?" ಎಂದು ಕೇಳುತ್ತಾರೆ. 'ನನ್ನದು' ಎಂದು ಹೇಳಬೇಕೆಂದೇ ಇಷ್ಟೆಲ್ಲ ಮಾಡಿದ ಮಗ ಹಾಗೆ ಹೇಳುವುದಿಲ್ಲ.

"ಕತ್ತು ಹೊರಗಿನದು, ತೊಲೆ ಸೂಪಾದ್ದು, ಕೆಲಸ ಕಾಕಾನದು" ಎನ್ನುತ್ತಾನೆ. ನಾನು ಹತ್ತಿರವಿದ್ದರೆ, "ಅಳತೆ ಅಪ್ಪನದು" ಎಂದು ಸೇರಿಸುತ್ತಾನೆ.