ಮ್ಯೂನಿಕ್‌ನಲ್ಲಿ ಬಿಡಾರ ಹೂಡುವವರಿಗೆ

ಮಗ-ಸೊಸೆ ಜರ್ಮನಿಯ ಮ್ಯೂನಿಕ್‌ನಲ್ಲಿ ಸಂಸಾರ ಹೂಡಿದಾಗ ನಾವೂ ಜೊತೆಗೆ ಹೋಗಿದ್ದೆವು. ಮನೆ ಸೇರಿದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಮನೆಯೊಡೆಯರ ಸಹಿಯಿರುವ ಪತ್ರ ಬೇಕೇ ಬೇಕು. ಅದೆಲ್ಲ ಸುಸೂತ್ರವಾಯಿತು. ಎಡವಿದ್ದು ಟಪಾಲು ಡಬ್ಬಿಯಲ್ಲಿ! ನಮ್ಮ ಮಾಟುಂಗಾದಂತೆ ಅಲ್ಲಿ ಸಾಮಾನ್ಯವಾಗಿ ಫ್ಲಾಟ್ ನಂಬರು ನೋಡುವುದಿಲ್ಲ, ಡಬ್ಬಿಯ ಮೇಲಿನ ಹೆಸರನ್ನೇ ನೋಡುತ್ತಾರೆ. ನಾವು ಮಗನ ಹೆಸರಷ್ಟೇ ಅಂಟಿಸಿದ್ದೆವು. ಸೊಸೆಯ ಪಾಸ್‌ಪೋರ್ಟಿನಲ್ಲಿರುವುದು ಅವಳ ತಂದೆಯ ಹೆಸರು. ಅವಳ ಸಂದರ್ಶನದ ಪತ್ರ ಬಂದ ದಾರಿಯಲ್ಲೇ ಹಿಂದಿರುಗಿತು. ನಮಗೆ ತಿಳಿಯುವಷ್ಟರಲ್ಲಿ ದಿನ ಮೀರಿತ್ತು. ಪಾಪ, ಹುಡುಗಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಆದ್ದರಿಂದ ಇಬ್ಬರ ಹೆಸರನ್ನೂ ಮೊದಲ ದಿನವೇ ಅಂಟಿಸಿ.

ಭಾನುವಾರ ಅಂಗಡಿಗಳಿಗೆ ರಜೆ. ಹಾಲು, ತರಕಾರಿ ಶನಿವಾರವೇ ತಂದಿಡಿ. ಪ್ಲಾಸ್ಟಿಕ್ ನೀರಿನ ಬಾಟಲಿ ಎಸೆಯಬೇಡಿ, ಅಂಗಡಿಯ ಯಂತ್ರಕ್ಕೆ ಹಾಕಿದರೆ 25 ಸೆಂಟ್ ವಾಪಸು. ಇದನ್ನು ಮಾತ್ರ ನಮ್ಮವರು ಬಂದ ವಾರವೇ ಕಲಿತರು!