ಕಲಾಸೇವೆ ಮತ್ತು ಸಂಬಳ

ನಾಟಕದವರ ಬಗ್ಗೆ ಮಾತಾಡುವಾಗ ನಮ್ಮಲ್ಲಿ ಒಂದು ಪದ ಬಂದೇ ಬರುತ್ತೆ, ಕಲಾಸೇವೆ. ಸನ್ಮಾನದ ಶಾಲು ಹೊದಿಸುವಾಗ, ನಿರೂಪಕರು ಪರಿಚಯ ಮಾಡಿಕೊಡುವಾಗ, ಸ್ಮರಣ ಸಂಚಿಕೆಯ ಫೋಟೋ ಕೆಳಗೆ... ಎಲ್ಲಾ ಕಡೆ. "ಇವರು ಮೂವತ್ತು ವರ್ಷಗಳಿಂದ ಕಲಾಸೇವೆ ಮಾಡುತ್ತಾ ಬಂದಿದ್ದಾರೆ." ಚಪ್ಪಾಳೆ. ಮೂವತ್ತು ವರ್ಷ ಬ್ಯಾಂಕಲ್ಲಿ ಲೆಕ್ಕ ಬರೆದವರನ್ನ ಯಾರೂ ಲೆಕ್ಕಸೇವೆ ಮಾಡಿದವರು ಅನ್ನಲ್ಲ ನೋಡಿ!

ನಾಟಕ ಕಲಿತು ಅದರಲ್ಲೇ ಬದುಕ್ತೀನಿ ಅಂತ ಹೊರಟ ನನಗೆ ಈ ಪದ ಕೆಲವು ವರ್ಷಗಳಿಂದ ಕಾಲಿಗೆ ತೊಡರುತ್ತಲೇ ಇದೆ. ಹಾಗಂತ ಸೇವೆ ಅನ್ನೋದೇ ಸುಳ್ಳು ಅಂತ ನಾನು ಹೇಳ್ತಿಲ್ಲ. ಬಹಳ ದಿನದಿಂದ ತಲೇಲಿ ಸುತ್ತುತ್ತಿರೋದನ್ನ ಬಿಡಿಸಿ ಬರೆಯೋಣ ಅನ್ನಿಸ್ತು, ಅಷ್ಟೆ.

ನಮ್ಮೂರು ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿ. ನಮ್ಮ ಕಡೆಯವರಿಗೆ ಗೊತ್ತಿರುತ್ತೆ, ಊರ ಹಬ್ಬ ಅಂದ್ರೆ ಪೌರಾಣಿಕ ನಾಟಕ, ಅದರಲ್ಲೂ 'ಕುರುಕ್ಷೇತ್ರ'. ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ನಮ್ಮಲ್ಲಿ ನಟನಿಗೆ ಯಾರೂ ದುಡ್ಡು ಕೊಡಲ್ಲ, ನಟನೇ ದುಡ್ಡು ಕೊಡಬೇಕು. ಒಂದೊಂದು ಪಾತ್ರಕ್ಕೆ ಒಂದೊಂದು ರೇಟು. ಕೃಷ್ಣ, ದುರ್ಯೋಧನ ಆದ್ರೆ ಜಾಸ್ತಿ. ಎರಡು ಮಾತಾಡಿ ಒಳಗೆ ಹೋಗೋ ಪಾತ್ರ ಆದ್ರೆ ಕಡಿಮೆ. ಆ ದುಡ್ಡಲ್ಲೇ ಹಾರ್ಮೋನಿಯಂ ಮೇಷ್ಟ್ರ ಸಂಬಳ, ತಬಲದವರ ಸಂಬಳ, ಸೀನರಿ ಬಾಡಿಗೆ, ಡ್ರೆಸ್ಸಿನ ಬಾಡಿಗೆ, ಪೇಟೆಯಿಂದ ದ್ರೌಪದಿ ಪಾತ್ರಕ್ಕೆ ಬರೋ ಕಲಾವಿದೆಗೆ ಸಂಭಾವನೆ ಎಲ್ಲಾ ಆಗಬೇಕು. ನಮ್ಮಪ್ಪ ಒಂದು ವರ್ಷ ದುರ್ಯೋಧನ ಮಾಡೋಕೆ ನಾಲ್ಕು ಕುರಿ ಮಾರಿದ್ದ. ಅಮ್ಮ ಆ ಹಬ್ಬಕ್ಕೆ ಹೋಳಿಗೇನೇ ಮಾಡಲಿಲ್ಲ.

ಡಿಗ್ರಿ ಮುಗಿಸಿ ಹೆಗ್ಗೋಡಿಗೆ ನಾಟಕ ಕಲಿಯೋಕೆ ಹೋಗ್ತೀನಿ ಅಂದಾಗ ಅಪ್ಪ ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದ. "ಪಾತ್ರ ಮಾಡಕ್ಕೆ ಕುರಿ ಮಾರ್ಬೋದು ಕಣ್ಲಾ, ಪಾತ್ರ ಮಾಡಿ ಕುರಿ ತರಕ್ಕಾಯ್ತದಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ವಿಚಿತ್ರ ಅಂದ್ರೆ, ಈ ಪ್ರಶ್ನೆಗೆ ನೂರು ವರ್ಷದ ಹಿಂದೆಯೇ ನಮ್ಮ ತಾಲ್ಲೂಕಿನಲ್ಲೇ ಉತ್ತರ ಇತ್ತು. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಬಾಲನಟನಾಗಿ ಅದನ್ನ ಸೇರಿದ ವೀರಣ್ಣನವರು ಆಮೇಲೆ ಅದರ ಮಾಲೀಕರಾದರು. ಅದೊಂದು ದೊಡ್ಡ ಸಂಸಾರ. ನಟರು, ನಟಿಯರು, ಪರದೆ ಬರೆಯೋರು, ಅಡುಗೆಯವರು, ಎಲ್ಲರ ಹೊಟ್ಟೆ ತುಂಬಬೇಕಾದ್ದು ನಾಟಕದಿಂದಲೇ. ರಾಜ್‌ಕುಮಾರ್ ಸಿನಿಮಾಕ್ಕೆ ಬರೋ ಮೊದಲು ಪಳಗಿದ್ದು ಕಂಪನಿ ನಾಟಕದಲ್ಲಿ. ಹುಡುಗನಾಗಿದ್ದಾಗ ಮನೆ ಬಿಟ್ಟು ಬಂದ ಬಿ.ವಿ. ಕಾರಂತರು ಸೇರಿದ್ದೂ ಗುಬ್ಬಿ ಕಂಪನಿಯನ್ನೇ. ಮುಂದೆ ಓದೋಕೆ ಅವರನ್ನ ಕಾಶಿಗೆ ಕಳಿಸಿದವರೂ ವೀರಣ್ಣನವರೇ. ಅಲ್ಲಿ ಕಷ್ಟ ಇರಲಿಲ್ಲ ಅಂತಲ್ಲ. ಮಳೆ ಹಿಡಿದರೆ, ಕಲೆಕ್ಷನ್ ಬೀಳದಿದ್ದರೆ ಎಲ್ಲರಿಗೂ ಬಿಸಿ ತಟ್ಟುತ್ತಿತ್ತು. ಆದರೆ ನಾಟಕ ಅನ್ನೋದು ಕೆಲಸ, ಕೆಲಸಕ್ಕೆ ಕೂಲಿ ಅನ್ನೋದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ.

ಹಾಗಾದ್ರೆ ಈ 'ಸೇವೆ' ಎಲ್ಲಿಂದ ಬಂತು? ನನಗನ್ನಿಸೋದು, ಹವ್ಯಾಸಿ ರಂಗಭೂಮಿಯಿಂದ. ಬೆಂಗಳೂರಲ್ಲಿ ಹಗಲೆಲ್ಲಾ ಬ್ಯಾಂಕಲ್ಲೋ, ಫ್ಯಾಕ್ಟರಿಯಲ್ಲೋ, ಸರ್ಕಾರಿ ಆಫೀಸಲ್ಲೋ ಕೆಲಸ ಮಾಡಿ ಸಂಜೆ ರಿಹರ್ಸಲ್‌ಗೆ ಓಡಿ ಬರುತ್ತಿದ್ದ ಒಂದು ತಲೆಮಾರು ಇತ್ತಲ್ಲ, ಎಪ್ಪತ್ತರ ದಶಕದಲ್ಲಿ ಅವರು ಮಾಡಿದ ನಾಟಕಗಳನ್ನ ಕನ್ನಡ ಮರೆಯೋ ಹಾಗಿಲ್ಲ. ಕೈಯಿಂದ ದುಡ್ಡು ಹಾಕಿ, ಮನೆಯವರ ಹತ್ತಿರ ಬೈಸಿಕೊಂಡು ಮಾಡಿದರು. ಅದು ನಿಜವಾಗಲೂ ಸೇವೆಯೇ. ಆದರೆ ಅವರಿಗೆ ಒಂದನೇ ತಾರೀಖು ಇನ್ನೊಂದು ಕಡೆಯಿಂದ ಸಂಬಳ ಬರುತ್ತಿತ್ತು. ಅವರಿಗೆ ಸರಿಯಾಗಿದ್ದ ಪದವನ್ನ ಬೇರೆ ಸಂಬಳವೇ ಇಲ್ಲದವರ ಮೇಲೂ ಹೊದಿಸಿಬಿಟ್ಟೆವು. ತೊಂದರೆ ಶುರುವಾಗಿದ್ದು ಅಲ್ಲೇ ಅನ್ಸುತ್ತೆ.

ಇರಲಿ, ಹೆಗ್ಗೋಡಿಗೆ ಬರೋಣ. ಸಾಗರದ ಹತ್ತಿರದ ಈ ಸಣ್ಣ ಊರಲ್ಲಿ 1949ರಲ್ಲಿ ಶುರುವಾದದ್ದು ನೀನಾಸಮ್. ಅದನ್ನ ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ರಂಗಶಿಕ್ಷಣ ಕೇಂದ್ರ ಶುರುವಾದದ್ದು 1980ರಲ್ಲಿ. ನಾಟಕ ಕಲಿಯೋದು ಅಂದ್ರೆ ಡೈಲಾಗ್ ಹೊಡೆಯೋದು ಅಂತಲೇ ನಾನು ಬ್ಯಾಗ್ ತುಂಬಿಕೊಂಡು ಹೋಗಿದ್ದು. ಅಲ್ಲಿ ಬೆಳಿಗ್ಗೆ ಎದ್ದರೆ ವ್ಯಾಯಾಮ, ಆಮೇಲೆ ಪಾಠ, ಸಂಜೆಯಿಂದ ರಾತ್ರಿವರೆಗೆ ತಾಲೀಮು. ನಡುವೆ ಮೊಳೆ ಹೊಡೆಯೋದು, ಬಟ್ಟೆಗೆ ಬಣ್ಣ ಹಾಕೋದು, ಲೈಟ್ ಕಟ್ಟೋದು, ರಂಗದ ಕಸ ಗುಡಿಸೋದು. ಯಕ್ಷಗಾನದ ಹೆಜ್ಜೆ ಕಲಿಯುವಾಗ ಬಯಲುಸೀಮೆಯ ನನ್ನ ಕಾಲು ಪಟ್ಟ ಪಾಡು ಕೇಳಬೇಡಿ.

ಒಂದು ವರ್ಷದ ಕೊನೆಗೆ ನನಗೆ ನಟನೆ ಎಷ್ಟು ಬಂತೋ ಗೊತ್ತಿಲ್ಲ, ಬೇರೆ ಏನೋ ಬಂದಿತ್ತು. ಹದಿನೈದು ಜನರಲ್ಲಿ ಒಬ್ಬ ತಡವಾಗಿ ಬಂದರೆ ಹದಿನಾಲ್ಕು ಜನರ ಸಂಜೆ ಹಾಳು ಅನ್ನೋದು ಮೈಗೆ ಹತ್ತಿತ್ತು. ಎದುರಿನವನು ಮಾತಾಡುವಾಗ ಸುಮ್ಮನೆ ಕೇಳಿಸಿಕೊಳ್ಳೋದೂ ಒಂದು ಕೆಲಸ ಅಂತ ಗೊತ್ತಾಗಿತ್ತು.

ಆಮೇಲೆ ಒಂದು ವರ್ಷ ತಿರುಗಾಟ. 1985ರಲ್ಲಿ ಶುರುವಾದ ಈ ತಿರುಗಾಟದಲ್ಲಿ ತಂಡ ಊರಿಂದ ಊರಿಗೆ ನಾಟಕ ಹೊತ್ತುಕೊಂಡು ಹೋಗುತ್ತೆ. ಮಧ್ಯಾಹ್ನ ಊರು ತಲುಪೋದು, ಸಾಮಾನು ಇಳಿಸೋದು, ಸೆಟ್ ಹಾಕೋದು, ಬಣ್ಣ ಹಚ್ಚೋದು, ಆಡೋದು, ಬಣ್ಣ ಒರೆಸಿ ಮತ್ತೆ ಸಾಮಾನು ತುಂಬೋದು. ನಾಟಕ ಮಾಡಿದ್ದಕ್ಕೆ ತಿಂಗಳ ಸಂಭಾವನೆ ಅಂತ ಕೈಗೆ ಬಂದದ್ದು ನನ್ನ ಜೀವನದಲ್ಲಿ ಅದೇ ಮೊದಲು. ತುಮಕೂರಿನಲ್ಲಿ ಪ್ರದರ್ಶನ ಇದ್ದಾಗ ಅಪ್ಪ ಬಂದಿದ್ದ. ನಾಟಕ ಹೇಗಿತ್ತು ಅಂತ ಕೇಳಿದ್ರೆ, "ಸಾಮಾನು ನೀವೇ ಇಳಿಸ್ತೀರೇನ್ಲಾ? ಹಮಾಲಿ ದುಡ್ಡು ಉಳೀತು ಬಿಡು" ಅಂದ. ದುರ್ಯೋಧನ ಮಾಡಿದವನ ವಿಮರ್ಶೆ!

ತಿರುಗಾಟ ಮುಗಿದ ಮೇಲೆ 'ಮುಂದೇನು' ಅನ್ನೋ ಪ್ರಶ್ನೆ. ನನ್ನ ಜೊತೆಯವರಲ್ಲಿ ಒಬ್ಬ ಸೀರಿಯಲ್‌ಗೆ ಹೋದ, ಒಬ್ಬಳು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಅರ್ಜಿ ಹಾಕಿದಳು, ಒಬ್ಬ ಅಡಿಕೆ ತೋಟಕ್ಕೆ ವಾಪಸ್. ನಾನೂ ಬೆಂಗಳೂರಲ್ಲಿ ಎರಡು ತಿಂಗಳು ಆಡಿಷನ್ ಕ್ಯೂನಲ್ಲಿ ನಿಂತೆ. ಅದು ಕೆಟ್ಟ ಕೆಲಸ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಹೋದ ಗೆಳೆಯ ತಂಗಿ ಮದುವೆ ಮಾಡಿದ, ಮನೆ ಸಾಲ ತೀರಿಸಿದ. ಆದರೆ ಅಷ್ಟರಲ್ಲಿ ನಮ್ಮ ಜಿಲ್ಲೆಯ ಒಂದು ಸರ್ಕಾರಿ ಶಾಲೆಯಿಂದ ಫೋನ್ ಬಂತು. ಹತ್ತು ದಿನ ಮಕ್ಕಳಿಗೆ ನಾಟಕ ಹೇಳಿಕೊಡ್ತೀರಾ ಅಂತ.

ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಆರಿಸಿಕೊಂಡೆ. ಕಾರಣ ತುಂಬಾ ಸರಳ. ನಲವತ್ತು ಮಕ್ಕಳು, ನಲವತ್ತು ಜನಕ್ಕೂ ಪಾತ್ರ ಬೇಕು, ಇಲಿಗಳಾದರೆ ಎಷ್ಟಾದರೂ ಇರಬಹುದು! ಏಳನೇ ಕ್ಲಾಸಿನ ಒಬ್ಬಳು ಹುಡುಗಿಗೆ ಸರಿಯಾಗಿ ಓದೋಕೆ ಬರುತ್ತಿರಲಿಲ್ಲ. ಪಕ್ಕದವಳು ಹೇಳಿದ್ದನ್ನ ಕೇಳಿಯೇ ತನ್ನ ಮಾತು ಬಾಯಿಪಾಠ ಮಾಡಿದಳು. ನಾಲ್ಕನೇ ದಿನ ನೋಡಿದರೆ ಸ್ಕ್ರಿಪ್ಟ್ ಹಿಡಿದು ಬೆರಳಿಟ್ಟು ಹುಡುಕ್ತಿದ್ದಾಳೆ. ಏನಮ್ಮಾ ಅಂದ್ರೆ, "ನನ್ ಮಾತಿಗಿಂತ ಮುಂಚೆ ಗೌಡ ಏನಂತಾನೆ ಅಂತ ನೋಡ್ತಿದೀನಿ ಸಾರ್" ಅಂದಳು. ಬಾಯಿಗೆ ಬಂದಿದ್ದ ಮಾತನ್ನ ಕಾಗದದ ಮೇಲೆ ಗುರುತು ಹಿಡಿಯುತ್ತಾ ಅಕ್ಷರ ಕೂಡಿಸುತ್ತಿದ್ದಳು. ಹತ್ತು ದಿನದಲ್ಲಿ ಅವಳು ಪೂರ್ತಿ ಓದೋಕೆ ಕಲಿತಳು ಅಂತ ಬರೆದರೆ ಸುಳ್ಳಾಗುತ್ತೆ. ಆದರೆ ಓದಬೇಕು ಅನ್ನೋದಕ್ಕೆ ಅವಳಿಗೆ ಒಂದು ಕಾರಣ ಸಿಕ್ಕಿತ್ತು. ನನಗೂ.

ಆ ಶಾಲೆಯ ಹೆಡ್‌ಮಿಸ್ ಮೊದಲ ದಿನವೇ ಕೇಳಿದ್ದರು, "ನಿಮಗೆ ಎಷ್ಟು ಕೊಡಬೇಕು ಹೇಳಿ ಸಾರ್, ಆಮೇಲೆ ಮಿಕ್ಕಿದ್ದು ಮಾತಾಡೋಣ." ಶಾಲಾಭಿವೃದ್ಧಿ ಸಮಿತಿಯವರು ಊರಲ್ಲಿ ಎತ್ತಿ 8,000 ರೂಪಾಯಿ ಕೊಟ್ಟರು. ಮಧ್ಯಾಹ್ನದ ಊಟ ಮಕ್ಕಳ ಜೊತೆಯೇ.

ಮುಂದಿನ ವರ್ಷ ಅದೇ ಕಿಂದರಿಜೋಗಿಯನ್ನ ಒಂದು ದೊಡ್ಡ ಖಾಸಗಿ ಶಾಲೆಯ ವಾರ್ಷಿಕೋತ್ಸವಕ್ಕೆ ಮಾಡಿಸಿದೆ. ಹದಿನೆಂಟು ದಿನ. ಶಾಮಿಯಾನದವರಿಗೆ, ಲೈಟಿನವರಿಗೆ, ವಿಡಿಯೋದವರಿಗೆ ಅವತ್ತೇ ಚೆಕ್ಕು. ನನಗೆ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ. ಕೇಳಿದ್ದಕ್ಕೆ "ಮಕ್ಕಳಿಗೋಸ್ಕರ ಮಾಡಿದ್ದಲ್ವಾ, ಸೇವೆ ಅಂತ ತಿಳ್ಕೊಳ್ಳಿ" ಅಂದರು. ಕಥೆ ಗೊತ್ತಲ್ಲ ನಿಮಗೆ? ಇಲಿ ಓಡಿಸಿದ ಜೋಗಿಗೆ ಒಪ್ಪಿದ ದುಡ್ಡು ಕೊಡದ ಊರಿನ ಕಥೆ ಅದು. ಆ ಕಥೆಯನ್ನೇ ಆಡಿಸಿದ ವೇದಿಕೆಯ ಹಿಂದೆ ನಿಂತು ಈ ಮಾತು ಕೇಳಿಸಿಕೊಂಡೆ. ನಗೋದೋ ಅಳೋದೋ ಗೊತ್ತಾಗಲಿಲ್ಲ. ನನ್ನ ಹತ್ತಿರ ಕಿಂದರಿ ಬೇರೆ ಇರಲಿಲ್ಲ!

ಸಂಬಳ ತಗೊಂಡ್ರೆ ಸೇವೆ ಕಡಿಮೆಯಾಗುತ್ತಾ? ಇದನ್ನ ತುಂಬಾ ಯೋಚನೆ ಮಾಡಿದೀನಿ. ಮೈಸೂರಿನ ರಂಗಾಯಣ ನೆನಪಿಸಿಕೊಳ್ಳಿ. 1989ರಲ್ಲಿ ಕಾರಂತರು ಅದನ್ನ ಕಟ್ಟುವಾಗ ಕಲಾವಿದರು ಸಂಬಳ ಪಡೆದು ದಿನವಿಡೀ ನಾಟಕವನ್ನೇ ಮಾಡಬೇಕು ಅನ್ನೋ ವ್ಯವಸ್ಥೆ ಇಟ್ಟರು. ಅದೇ ರಂಗಾಯಣದ ನಟ ಹುಲುಗಪ್ಪ ಕಟ್ಟೀಮನಿ ಜೈಲಿಗೆ ಹೋಗಿ ಕೈದಿಗಳಿಂದ ನಾಟಕ ಮಾಡಿಸಿದರು. ಆ ಕೈದಿಗಳು ಜೈಲಿನ ಹೊರಗೂ ಬಂದು ಜನರ ಮುಂದೆ ಆಡಿದರು. ಇದಕ್ಕಿಂತ ದೊಡ್ಡ ಸೇವೆ ಯಾವುದು? ಸಂಬಳ ಇದ್ದದ್ದರಿಂದ ಅವರ ಸೇವೆಗೇನೂ ಕುಂದು ಬರಲಿಲ್ಲ. ನಾಳೆಯ ಅಕ್ಕಿಯ ಚಿಂತೆ ಇಲ್ಲದವನು ಇನ್ನೊಬ್ಬರ ಕಷ್ಟದ ಹತ್ತಿರ ಕೂತು ಹೆಚ್ಚು ಹೊತ್ತು ಕೇಳಬಲ್ಲ. ನನಗೆ ಅರ್ಥವಾಗಿರೋದು ಇಷ್ಟೆ.

ಈಗ ನಾನು ವಾರಕ್ಕೆ ಮೂರು ದಿನ ಎರಡು ಶಾಲೆಗಳಲ್ಲಿ ನಾಟಕ ಕಲಿಸ್ತೀನಿ. ಮಿಕ್ಕ ದಿನ ಬೇರೆ ತಂಡಗಳ ನಾಟಕಕ್ಕೆ ಲೈಟ್ ಮಾಡ್ತೀನಿ. ಹೆಗ್ಗೋಡಲ್ಲಿ ಏಣಿ ಹತ್ತಿದ್ದು ಈಗ ಅನ್ನ ಹಾಕ್ತಿದೆ. ಸರ್ಕಾರಿ ಪ್ರೌಢಶಾಲೆಗಳಲ್ಲಿ ನಾಟಕ ಶಿಕ್ಷಕರು ಇದ್ದಾರೆ, ಆದರೆ ಬೆರಳೆಣಿಕೆಯಷ್ಟು. ಡ್ರಿಲ್ ಮೇಷ್ಟ್ರು ಇದ್ದ ಹಾಗೆ ಪ್ರತಿ ಪ್ರೌಢಶಾಲೆಗೂ ಒಬ್ಬರು ನಾಟಕದ ಮೇಷ್ಟ್ರು ಇರಬೇಕು, ಅದರಲ್ಲಿ ಒಬ್ಬ ನಾನಾಗಬೇಕು ಅನ್ನೋದು ನನ್ನ ಗುರಿ. ಆ ಹುದ್ದೆಗಳು ಬರದೇ ಹೋದರೆ ಗುಬ್ಬಿ ತಾಲ್ಲೂಕಲ್ಲೇ ಎಂಟು ಜನರ ಒಂದು ತಂಡ ಕಟ್ಟಬೇಕು. ಶಾಲೆಯಿಂದ ಶಾಲೆಗೆ ಹೋಗೋ ತಂಡ, ಎಂಟು ಜನರಿಗೂ ತಿಂಗಳ ಸಂಬಳ. ಅದರ ಲೆಕ್ಕದ ಪುಸ್ತಕ ಈಗಲೇ ಶುರು ಮಾಡಿದೀನಿ. ನಾಟಕದ ಸ್ಕ್ರಿಪ್ಟಿಗಿಂತ ಅದೇ ದಪ್ಪ ಆಗ್ತಿದೆ.

ಮತ್ತೆ ಒಂದು ನಿಯಮ ಮಾಡ್ಕೊಂಡಿದೀನಿ. ಯಾರೇ ಕರೆಯಲಿ, ಮೊದಲು ನನ್ನ ರೇಟು ಹೇಳ್ತೀನಿ. ಕೊಡೋಕೆ ನಿಜವಾಗಲೂ ಆಗದ ಶಾಲೆಯಾದರೆ ವರ್ಷಕ್ಕೆ ಎರಡು ಕಡೆ ಪುಕ್ಕಟೆ ಮಾಡ್ತೀನಿ. ಅದು ಸೇವೆ. ಆದರೆ ಅದನ್ನ ಸೇವೆ ಅಂತ ಕರೆಯೋ ಹಕ್ಕು ನನ್ನದು, ಕರೆಸಿಕೊಂಡವರದ್ದಲ್ಲ.

ನಿಮ್ಮಲ್ಲಿ ಎಷ್ಟೋ ಜನ ಕನ್ನಡ ಸಂಘಗಳಲ್ಲಿ, ಅಪಾರ್ಟ್‌ಮೆಂಟ್ ಸಮಿತಿಗಳಲ್ಲಿ ಇದೀರಿ. ರಾಜ್ಯೋತ್ಸವಕ್ಕೆ ಮಕ್ಕಳಿಂದ ನಾಟಕ ಮಾಡಿಸೋಕೆ ಯಾರನ್ನೋ ಕರೀತೀರಿ. ಮುಂದಿನ ಸಲ ಶಾಲು ತರೋ ಮೊದಲು ಆ ಹೆಡ್‌ಮಿಸ್ ಕೇಳಿದ ಹಾಗೆ ಒಂದು ಮಾತು ಕೇಳಿಬಿಡಿ, ಎಷ್ಟು ಕೊಡಬೇಕು ಅಂತ. ಶಾಲು ಆಮೇಲೆ ಹೊದಿಸಿದರೂ ಆಯ್ತು, ಚಳಿಗಾಲಕ್ಕೆ ಬೇಕಾಗುತ್ತೆ :)