ನೆಟ್ಟ ನೋಟ

ಕಳೆದ ವರ್ಷ ನಮ್ಮ ತಾಯಿಯವರು ಸಂಜೆಯ ಹೊತ್ತು ಜಗಲಿಯಲ್ಲಿ ಕುಳಿತು ಅಂಗಳದ ಕಡೆಗೆ ಎವೆಯಿಕ್ಕದೆ ನೋಡುತ್ತಿರುತ್ತಿದ್ದರು. ಶಾಲೆಯಿಂದ ಮರಳಿದ ನಾವು ಎದುರಿಗೆ ಬಂದು ನಿಂತರೂ ಅವರ ದೃಷ್ಟಿ ಕದಲುತ್ತಿರಲಿಲ್ಲ. ಆ ದಿನಗಳಲ್ಲಿ ತೋಟದ ಪಾಲಿನ ವಿಚಾರವಾಗಿ ನಮ್ಮೊಳಗೆ ಎರಡು ಬಿರುಸು ಮಾತು ಆಗಿದ್ದುದುಂಟು. ಮುನಿಸು ಇನ್ನೂ ಇಳಿದಿಲ್ಲವೆಂದು ಬಗೆದು ನಾವೂ ಮಾತನಾಡಿಸದೆ ಒಳಗೆ ಹೋಗುತ್ತಿದ್ದೆವು. ಹೀಗೆ ಮೂರು ತಿಂಗಳು ಕಳೆದವು. ಒಂದು ದಿನ ಮುಂದಿಟ್ಟ ಮಜ್ಜಿಗೆಯ ಲೋಟಕ್ಕಾಗಿ ಅವರು ನೆಲವನ್ನು ತಡಕಾಡಿದಾಗ ನಮಗೆ ಅರಿವಾಯಿತು. ಎರಡು ಕಣ್ಣಿಗೂ ಪೊರೆ ಬಂದಿದೆಯೆಂದು ವೈದ್ಯರು ಹೇಳಿದರು.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಉದ್ಯೋಗನಿಮಿತ್ತ ನೆದರ್ಲೆಂಡಿನಲ್ಲಿದ್ದಾರೆ. ಸುದ್ದಿ ತಿಳಿದು ಬರೆದ ಪತ್ರದಲ್ಲಿ, ಅಲ್ಲಿಯ ಡಚ್ ಭಾಷೆಯಲ್ಲಿ ಈ ವ್ಯಾಧಿಗೆ 'ಸ್ಟಾರ್' ಎಂಬ ಹೆಸರಿದೆಯೆಂದು ತಿಳಿಸಿದರು. ಪೊರೆಯನ್ನು 'ಬೂದು ಸ್ಟಾರ್' ಎಂದೂ ಗ್ಲಾಕೋಮವನ್ನು 'ಹಸಿರು ಸ್ಟಾರ್' ಎಂದೂ ಅವರು ಕರೆಯುತ್ತಾರಂತೆ. ಇದು ಇಂಗ್ಲಿಷಿನ ನಕ್ಷತ್ರವಲ್ಲ. ದಿಟ್ಟಿಸಿ ನೋಡುವುದೆಂಬ ಅರ್ಥದ ಕ್ರಿಯಾಪದಕ್ಕೆ ಸೇರಿದ ಶಬ್ದ. ಇಂಗ್ಲಿಷಿನ 'ಸ್ಟೇರ್' ಇದರ ದಾಯಾದಿ. ಮೊದಲಿಗೆ 'ಸ್ಟಾರ್‌ಬ್ಲಿಂಡ್' ಎಂಬ ಸಮಾಸಪದವಿತ್ತು. ನೆಟ್ಟ ನೋಟದ ಕುರುಡ ಎಂಬುದು ಅದರ ಭಾವ. ಕಾಲಕ್ರಮದಲ್ಲಿ ಪೂರ್ವಪದವಷ್ಟೇ ಬೇರ್ಪಟ್ಟು ರೋಗದ ಹೆಸರಾಗಿ ನಿಂತಿತು. ಜರ್ಮನ್ ಭಾಷೆಯಲ್ಲಿಯೂ ಹೀಗೆಯೇ ಆಗಿದೆ. ಹಳೆಯ ಇಂಗ್ಲಿಷಿನಲ್ಲಿಯೂ ಈ ಸಮಾಸವಿತ್ತು. ಇಂದು ಅಲ್ಲಿ ಲ್ಯಾಟಿನ್ ಮೂಲದ 'ಕ್ಯಾಟರಾಕ್ಟ್' ಬಳಕೆಯಲ್ಲಿದೆ. ಜಲಪಾತವೆಂದೂ ಮೇಲಿನಿಂದ ಇಳಿಬಿಡುವ ಕೋಟೆಬಾಗಿಲೆಂದೂ ಅದಕ್ಕೆ ಅರ್ಥ.

ವಾಸ್ತವದಲ್ಲಿ ಕಣ್ಣಿನೊಳಗಿನ ಮಸೂರವೇ ಮಬ್ಬಾಗುವುದು ಈ ರೋಗ. ಮೇಲಿನಿಂದ ಏನೂ ಇಳಿಯುವುದಿಲ್ಲ. ಹಾವಿನ ಪೊರೆಯಂತಹದೂ ಏನೂ ಮುಚ್ಚುವುದಿಲ್ಲ. ಆದರೂ ಆ ಎರಡು ಹೆಸರುಗಳು ಕಣ್ಣಿಗೆ ಏನಾಯಿತೆಂದು ಹೇಳಲು ಯತ್ನಿಸುತ್ತವೆ. ಡಚ್ಚರ ಹೆಸರು ಹುಟ್ಟಿದ್ದು ಕಾಣದವರ ಎದುರಿಗೆ ನಿಂತು ನೋಡಿದವರ ಬಾಯಲ್ಲಿ. ಆ ಜನ ನೆಟ್ಟ ನೋಟವನ್ನು ಕಂಡು ಕುರುಡೆಂದು ತಿಳಿದರು. ಮೂವತ್ತು ವರ್ಷ ಮಕ್ಕಳ ಮುಖ ನೋಡಿ ಪಾಠ ಹೇಳಿದ ನಾವು ಅದನ್ನೇ ಕಂಡು ಕೋಪವೆಂದು ತಿಳಿದೆವು.

ಶಸ್ತ್ರಚಿಕಿತ್ಸೆಯಾಗಿ ಕಣ್ಣಿನ ಪಟ್ಟಿ ಬಿಚ್ಚಿದ ದಿನ ತಾಯಿಯವರು ನಮ್ಮನ್ನು ಬಹಳ ಹೊತ್ತು ನೋಡಿದರು. ಆ ಮೂರು ತಿಂಗಳ ಮಾತನ್ನು ನಾವು ಅಳುಕುತ್ತಲೇ ಎತ್ತಿದೆವು.

"ನಿನ್ನ ಹೆಜ್ಜೆಯ ಸದ್ದು ದಿನವೂ ಕೇಳುತ್ತಿತ್ತು, ಮಗಾ," ಎಂದರು. "ನೀನು ಮಾತಾಡಲಿಲ್ಲ. ಸಿಟ್ಟು ಇಳಿಯಲಿಲ್ಲವೇನೋ ಎಂದು ನಾನೂ ಸುಮ್ಮನಿದ್ದೆ."